ಘಟ್ಟದ ಕೆಳಗಿನ ಒಂದು ಲಿವರ್ ಕ್ಲಿನಿಕ್: ಮಾವನ ಕಾಮಾಲೆ ತೋರಿಸಿದ ಅನುಭವ, ಪೂರ್ತಿ ರಿವ್ಯೂ

ಕಾಮಾಲೆಗೆ ಎಲ್ಲಿ ತೋರಿಸ್ಬೇಕು, ಲಿವರ್ ಡಾಕ್ಟ್ರು ಯಾರು ಒಳ್ಳೇವ್ರು ಅಂತ ಸುಮಾರು ಜನ ಕೇಳ್ತಾ ಇರ್ತಾರೆ, ಅದಕ್ಕೆ ಒಂದೇ ಸಲ ವಿವರವಾಗಿ ಬರೀತಿದೀನಿ. ಆಸ್ಪತ್ರೆ ಹೆಸರು ಹಾಕ್ತಿಲ್ಲ, ಯಾಕಂದ್ರೆ ಇದ್ರಲ್ಲಿ ಮನಸಾರೆ ಹೊಗಳೋದೂ ಇದೆ, ಬೇಜಾರಾಗಿದ್ದನ್ನ ನೇರವಾಗಿ ಹೇಳೋದೂ ಇದೆ, ಅಲ್ದೆ ನಿಮ್ಮೂರಿಗೆ ಹತ್ರ ಇರೋ ಯಾವ ಕ್ಲಿನಿಕ್‌ಗೆ ಹೋದ್ರೂ ಏನೇನ್ ನೋಡ್ಬೇಕು ಅನ್ನೋದು ಹೆಸರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತೆ. ಕರಾವಳಿ ಕಡೆ ಒಂದು ದೊಡ್ಡ ಖಾಸಗಿ ಆಸ್ಪತ್ರೆ, ಅದ್ರ ಗ್ಯಾಸ್ಟ್ರೋ ವಿಭಾಗದ ಒಳಗೇ ಲಿವರ್ ಕ್ಲಿನಿಕ್ ಅಂತ ಬೇರೆ ಮಾಡಿದಾರೆ, ವಾರದಲ್ಲಿ ಕೆಲವು ದಿನ ಮಾತ್ರ. ನಾವು ತೀರ್ಥಹಳ್ಳಿ ಕಡೆಯವ್ರು, ಆಗುಂಬೆ ಘಾಟಿ ಇಳಿದು ಹೋಗ್ಬೇಕು.

ಪೇಷೆಂಟ್ ನಮ್ ಮಾವ. ಅಡಿಕೆ ತೋಟ, ವಯಸ್ಸು ಅರವತ್ತು ದಾಟಿದೆ, ಶುಗರ್ ಬಹಳ ವರ್ಷದಿಂದ ಇದೆ, ಜೀವಮಾನದಲ್ಲಿ ಒಂದ್ ಹನಿ ಕುಡಿದವ್ರಲ್ಲ. ಈ ಕೊನೇ ಮಾತನ್ನ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ. ಶುಗರ್‌ಗೆ ಒಳ್ಳೇದು ಅಂತ ಯಾರೋ ಕೊಟ್ಟಿದ್ದ ಒಂದು ಪುಡಿ ಕೆಲವು ತಿಂಗಳು ತಗೊಂಡ್ರು, ಆಮೇಲೆ ಕಣ್ಣು ಹಳದಿ ಆಯ್ತು, ಊರಲ್ಲಿ ಎಲ್ರೂ ಕಾಮಾಲೆ ಅಂದ್ರು, ನಾಟಿ ಔಷಧಿ ಕೊಡೋರ ಹತ್ರ ಹೋಗಿ ಬೆಳಿಗ್ಗೆ ಖಾಲಿ ಹೊಟ್ಟೇಲಿ ಹಾಲಲ್ಲಿ ಅರೆದು ಕೊಡೋ ಸೊಪ್ಪಿನ ರಸ ಕುಡಿದ್ರು, ಜೊತೆಗೆ ಪಥ್ಯ, ಉಪ್ಪಿಲ್ಲ ಎಣ್ಣೆ ಇಲ್ಲ ಖಾರ ಇಲ್ಲ ಬೇಳೆ ಇಲ್ಲ, ಬರೀ ಗಂಜಿ. ಕಣ್ಣಿನ ಹಳದಿ ಇಳೀಲಿಲ್ಲ, ತೋಳು ತೊಡೆ ಎಲ್ಲಾ ಸೊರಗಿ ಹೋಯ್ತು, ಪಂಚೆ ಮಾತ್ರ ಸೊಂಟದ ಹತ್ರ ಬಿಗಿ ಆಗ್ತಾ ಬಂತು. ಮೈ ಇಳೀತಿದೆ ಹೊಟ್ಟೆ ಏರ್ತಿದೆ ಅಂತ ಅತ್ತೆ ಗಮನಿಸಿದ್ಮೇಲೆ ಕರ್ಕೊಂಡ್ ಹೋಗಿದ್ದು.

ಮೊದ್ಲು ಡಾಕ್ಟ್ರ ಬಗ್ಗೆ, ಯಾಕಂದ್ರೆ ನಾನು ಈ ಕ್ಲಿನಿಕ್‌ಗೆ ಕೊಡೋ ಮಾರ್ಕ್ಸಲ್ಲಿ ಮುಕ್ಕಾಲು ಭಾಗ ಅದಕ್ಕೇ. ಅಪಾಯಿಂಟ್‌ಮೆಂಟ್ ತಗೊಳ್ಳೋವಾಗ್ಲೇ ಫೋನಲ್ಲಿ ಹೇಳಿದ್ರು, ಮನೇಲಿ ಇರೋ ಎಲ್ಲಾ ಔಷಧಿ, ಮಾತ್ರೆ, ಪುಡಿ, ಕಷಾಯದ ಪೊಟ್ಟಣ, ನೋವಿನ ಮಾತ್ರೆ ಖಾಲಿ ಸ್ಟ್ರಿಪ್ ಸಮೇತ ಒಂದ್ ಚೀಲಕ್ಕೆ ಹಾಕ್ಕೊಂಡ್ ಬನ್ನಿ, ಹಳೇ ಬ್ಲಡ್ ರಿಪೋರ್ಟ್ ಎಷ್ಟೇ ವರ್ಷದ್ದಾದ್ರೂ ತನ್ನಿ ಅಂತ. ನಾವು ಒಯ್ದಿದ್ದ ಚೀಲವನ್ನ ಡಾಕ್ಟ್ರು ಟೇಬಲ್ ಮೇಲೆ ಸುರಿದು ಒಂದೊಂದೇ ಎತ್ತಿ ನೋಡಿದ್ರು. ಬೈಲಿಲ್ಲ, ಗೇಲಿ ಮಾಡ್ಲಿಲ್ಲ. ಲೇಬಲ್ ಇಲ್ದಿರೋ ಶುಗರ್ ಪುಡಿಯನ್ನ ಪಕ್ಕಕ್ಕಿಟ್ಟು ಇದನ್ನ ಇವತ್ತಿಂದ ಬಿಟ್ಬಿಡಿ ಅಂದ್ರು, ನೋವಿನ ಮಾತ್ರೆ ಸ್ಟ್ರಿಪ್ಪನ್ನೂ ಅದ್ರ ಜೊತೆಗೆ ಸೇರಿಸಿದ್ರು.

ಆಮೇಲೆ ಮಾವನ್ನ ಟ್ಯೂಬ್‌ಲೈಟ್ ಕೆಳಗಿಂದ ಎಬ್ಬಿಸಿ ಕಿಟಕಿ ಹತ್ರ ನಿಲ್ಲಿಸಿ ಕಣ್ಣಿನ ಕೆಳ ರೆಪ್ಪೆ ಎಳೆದು ನೋಡಿದ್ರು, ಬಿಸಿಲ ಬೆಳಕಲ್ಲಿ ನೋಡಿದ್ರೇನೇ ಹಳದಿ ಸರಿಯಾಗ್ ಗೊತ್ತಾಗೋದಂತೆ. ರಕ್ತದಲ್ಲಿ ಬಿಲಿರುಬಿನ್ ಅನ್ನೋ ಹಳದಿ ಅಂಶ ಸಾಮಾನ್ಯವಾಗಿ 1ರ ಆಸುಪಾಸು ಇರ್ಬೇಕು, 2.5 ಅಥ್ವಾ 3 ದಾಟಿದ್ಮೇಲೇ ಕಣ್ಣಿಗೆ ಬಣ್ಣ ಕಾಣೋದು, ಅಂದ್ರೆ ನಮಗೆ ಕಾಣೋಷ್ಟರಲ್ಲಿ ಒಳಗೆ ಏನೋ ಶುರುವಾಗಿ ಸ್ವಲ್ಪ ದಿನ ಆಗಿರುತ್ತೆ. ಮಾವಂಗೆ ಅವತ್ತು 9ರ ಮೇಲಿತ್ತು.

ಅವ್ರು ಕೇಳಿದ ಪ್ರಶ್ನೆಗಳು ಇವೆಯಲ್ಲ, ಅದೇ ನನಗೆ ದೊಡ್ಡ ಪಾಠ. ಕಾಮಾಲೆ ಅಂದ್ರೆ ಒಂದೇ ಕಾಯಿಲೆ, ಅದಕ್ಕೆ ಒಂದೇ ಔಷಧಿ ಅನ್ನೋದು ನಮ್ ಕಡೆ ನಂಬಿಕೆ. ಇವ್ರು ಒಂದ್ ಪ್ರಶ್ನೆ ಕೇಳೋದು, ಅದು ಯಾಕೆ ಕೇಳಿದ್ದು ಅಂತ ನಮಗೇ ಹೇಳೋದು, ಹೀಗೆ ಒಂದೊಂದೇ ಕಾರಣವನ್ನ ಬಿಡಿಸ್ತಾ ಹೋದ್ರು. ಕೆಂಪು ರಕ್ತಕಣ ಸುಮಾರು 120 ದಿನ ಬದುಕಿ ಒಡೆದುಹೋಗುತ್ತೆ, ಅದ್ರಿಂದ ಬಿಲಿರುಬಿನ್ ಬರುತ್ತೆ, ಲಿವರ್ ಅದನ್ನ ಹದ ಮಾಡಿ ಪಿತ್ತದ ಜೊತೆ ಕರುಳಿಗೆ ಕಳಿಸುತ್ತೆ, ಮಲದಲ್ಲಿ ಹೊರಗೆ ಹೋಗುತ್ತೆ. ಈ ದಾರೀಲಿ ಎಲ್ಲಿ ಕೆಟ್ರೂ ಕಣ್ಣು ಹಳದಿ ಆಗುತ್ತೆ. ಮಲೇರಿಯಾ ಬಂದೋ ಅಥ್ವಾ ಹುಟ್ಟಿನಿಂದ ಬರೋ ಸಿಕಲ್ ಸೆಲ್, ಥಲಸೇಮಿಯಾ ಥರದ ರಕ್ತದ ತೊಂದರೆಯಿಂದಲೋ ರಕ್ತಕಣ ಅತಿಯಾಗಿ ಒಡೆದ್ರೆ ಲಿವರ್ ಚೆನ್ನಾಗಿದ್ರೂ ಕಾಮಾಲೆ. ಲಿವರೇ ಕೆಟ್ಟಿದ್ರೆ ಒಂದು ಥರ. ಪಿತ್ತನಾಳಕ್ಕೆ ಕಲ್ಲೋ ಗೆಡ್ಡೆನೋ ಅಡ್ಡ ಬಂದಿದ್ರೆ ಇನ್ನೊಂದು ಥರ. ಅದಕ್ಕೇ ಮಲ ಸುಣ್ಣದ ಥರ ಬಿಳಿಚಿಕೊಂಡಿದ್ಯಾ, ಮೂತ್ರ ಕಡುಕಾಫಿ ಬಣ್ಣ ಬರ್ತಿದ್ಯಾ, ಮೈಯೆಲ್ಲಾ ತುರಿಕೆ ಇದ್ಯಾ, ಚಳಿ ಜ್ವರ ಬಂದು ಬಲಗಡೆ ಪಕ್ಕೆ ಕೆಳಗೆ ನೋವು ಬರುತ್ತಾ ಅಂತ ಕೇಳಿದ್ದು. ಅದೆಲ್ಲಾ ಇದ್ದಿದ್ರೆ ನಾಳದಲ್ಲಿ ಅಡ್ಡಿ ಅನ್ನೋ ಅನುಮಾನ. ಅಂಥ ಕಾಮಾಲೆಗೆ ಎಂಡೋಸ್ಕೋಪಿಯಲ್ಲೇ ಕಲ್ಲು ತೆಗೆದೋ ಸ್ಟೆಂಟ್ ಹಾಕಿಯೋ ದಾರಿ ಬಿಡಿಸ್ಬೇಕು, ಸೊಪ್ಪಿನ ರಸಕ್ಕೂ ಮಾತ್ರೆಗೂ ಅದು ಬಗ್ಗಲ್ಲ, ತಡ ಮಾಡಿ ಕೀವಾದ್ರೆ ಜೀವಕ್ಕೇ ಅಪಾಯ.

ಗದ್ದೆ ಕೆಸರಲ್ಲಿ ಬರಿಗಾಲಲ್ಲಿ ಓಡಾಡ್ತೀರಾ, ಕಾಲಲ್ಲಿ ಗಾಯ ಇತ್ತಾ, ಮೀನಖಂಡ ನೋವಿತ್ತಾ ಅಂತಾನೂ ಕೇಳಿದ್ರು. ಅದು ಇಲಿ ಜ್ವರಕ್ಕೆ. ಮಲೆನಾಡು ಕರಾವಳಿ ಎರಡೂ ಕಡೆ ಮಳೆಗಾಲದಲ್ಲಿ ಇಲಿ ಜ್ವರ ಬರೋದು ಎಲ್ರಿಗೂ ಗೊತ್ತು, ಆದ್ರೆ ಅದು ಜೋರಾದಾಗ ಕಾಮಾಲೆ ಆಗಿ ಕಿಡ್ನಿನೂ ಕೈ ಕೊಡುತ್ತೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಅದಕ್ಕೆ ಆಂಟಿಬಯೋಟಿಕ್ ಇದೆ, ಬೇಗ ಶುರು ಮಾಡ್ಬೇಕು, ಕಣ್ಣು ಹಳದಿ ಅಂತ ನಾಟಿ ಔಷಧಿಗೆ ಹೋಗಿ ನಾಲ್ಕು ದಿನ ಕಳೆದ್ರೆ ಡಯಾಲಿಸಿಸ್ ತನಕ ಹೋಗುತ್ತೆ.

ಬಾವಿ ನೀರು ಕುದಿಸ್ತೀರಾ, ಮದುವೆ ಜಾತ್ರೆಯಲ್ಲಿ ಜ್ಯೂಸ್ ಐಸ್ ಏನಾದ್ರೂ ಕುಡಿದ್ರಾ ಅನ್ನೋದು ಹೆಪಟೈಟಿಸ್ ಎ ಮತ್ತೆ ಇ ವೈರಸ್‌ಗೆ. ಇವೆರಡೂ ಕೊಳಕು ನೀರಿಂದ ಬರೋದು, ಸಾಮಾನ್ಯವಾಗಿ ವಿಶ್ರಾಂತಿಯಲ್ಲೇ ಕೆಲವು ವಾರದಲ್ಲಿ ತಾನಾಗೇ ವಾಸಿ ಆಗುತ್ತೆ. ನಾಟಿ ಔಷಧಿಗೆ ಇಷ್ಟೊಂದು ಹೆಸರು ಬಂದಿರೋದು ಇದ್ರಿಂದಾನೇ ಅಂತ ನನ್ನ ಅಭಿಪ್ರಾಯ, ತಾನಾಗೇ ಹೋಗೋ ಕಾಮಾಲೆ ರಸ ಕುಡಿದ್ರೂ ಹೋಗುತ್ತೆ, ಕುಡೀದಿದ್ರೂ ಹೋಗುತ್ತೆ, ಹೆಸರು ಮಾತ್ರ ರಸಕ್ಕೆ. ಆದ್ರೆ ಇ ವೈರಸ್ ಗರ್ಭಿಣಿಯರಿಗೆ ಬಂದ್ರೆ ಬೇರೆ ಮಾತು, ಕೊನೇ ಮೂರು ತಿಂಗಳಲ್ಲಿ ಬಂದ್ರೆ ನೂರಕ್ಕೆ 20ರಿಂದ 25 ಜನ ತೀರಿಕೊಳ್ಳೋ ಮಟ್ಟಕ್ಕೂ ಹೋಗುತ್ತೆ. ಮನೇಲಿ ಬಸುರಿ ಹೆಂಗಸು ಇದ್ದು ಕಣ್ಣು ಹಳದಿ ಕಂಡ್ರೆ ದಯವಿಟ್ಟು ಅದೇ ದಿನ ಆಸ್ಪತ್ರೆಗೆ ಕರ್ಕೊಂಡ್ ಹೋಗಿ, ಯಾರ ಮಾತೂ ಕೇಳ್ಬೇಡಿ.

ಹಳೇ ಕಾಲದ ಗಾಜಿನ ಸಿರಿಂಜ್ ಇಂಜೆಕ್ಷನ್, ರಕ್ತ ಹಾಕಿಸಿಕೊಂಡಿದ್ದು, ಕ್ಷೌರದ ಅಂಗಡಿ ಬ್ಲೇಡು ಬಗ್ಗೆ ಕೇಳಿದ್ದು ಬಿ ಮತ್ತೆ ಸಿ ವೈರಸ್‌ಗೆ. ಇವು ಸದ್ದಿಲ್ದೆ ವರ್ಷಗಟ್ಟಲೆ ಒಳಗಿದ್ದು ಲಿವರನ್ನ ಗಟ್ಟಿ ಮಾಡ್ತಾವೆ. ಸಿ ವೈರಸ್‌ಗೆ ಈಗ ಮಾತ್ರೆ ಇದೆ, ಹೆಚ್ಚಿನವ್ರಿಗೆ 12 ವಾರ ತಗೊಂಡ್ರೆ ನೂರರಲ್ಲಿ 95ಕ್ಕಿಂತ ಜಾಸ್ತಿ ಜನಕ್ಕೆ ಪೂರ್ತಿ ಹೋಗುತ್ತೆ. ಹೀಗೆ ಒಳಗೇ ಉಳ್ಕೊಂಡ ಬಿ ವೈರಸ್ ಪೂರ್ತಿ ಹೋಗೋದು ಅಪರೂಪ, ಆದ್ರೆ ಮಾತ್ರೆಯಿಂದ ಹಿಡಿತದಲ್ಲಿಡ್ಬೋದು, ಲಸಿಕೆ ಅಂತೂ ಇದ್ದೇ ಇದೆ, ಮಗು ಹುಟ್ಟಿದ 24 ಗಂಟೆ ಒಳಗೆ ಮೊದಲ ಡೋಸ್. ಇಲ್ಲಿ ಒಂದು ಒಳ್ಳೇ ಮಾತು ಹೇಳ್ಬೇಕು, ಖಾಸಗಿ ಆಸ್ಪತ್ರೆ ಆಗಿದ್ರೂ ಕೌನ್ಸೆಲರ್ ತಾನಾಗೇ ಹೇಳಿದ್ರು, ಬಿ ಅಥ್ವಾ ಸಿ ಪಾಸಿಟಿವ್ ಬಂದ್ರೆ 2018ರ ಜುಲೈ 28ಕ್ಕೆ ಶುರುವಾದ ಕೇಂದ್ರ ಸರ್ಕಾರದ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಟೆಸ್ಟೂ ಔಷಧಿನೂ ಫ್ರೀ ಸಿಗುತ್ತೆ, ಇಲ್ಲೇ ದುಡ್ಡು ಸುರೀಬೇಕು ಅಂತೇನಿಲ್ಲ ಅಂತ. ಹೀಗೆ ಹೇಳೋರು ಕಡಿಮೆ.

ಕೊನೇಗೆ ಮಾವನ ಕಾರಣ ಸಿಕ್ಕಿದ್ದು ಆ ಹಳೇ ರಿಪೋರ್ಟ್ ಕಂತೆಯಲ್ಲಿ. ಎ, ಬಿ, ಸಿ, ಇ ಎಲ್ಲಾ ನೆಗೆಟಿವ್, ಇಲಿ ಜ್ವರ ನೆಗೆಟಿವ್, ಸ್ಕ್ಯಾನಲ್ಲಿ ಕಲ್ಲಿಲ್ಲ, ನಾಳ ಸರಿ ಇದೆ. ಆದ್ರೆ ಕೆಲವು ವರ್ಷದ ಹಿಂದಿನ ಜ್ವರದ ರಿಪೋರ್ಟಲ್ಲಿ ಪ್ಲೇಟ್‌ಲೆಟ್ ಕಡಿಮೆ ಇತ್ತು, ಆಮೇಲಿನ ಮಾಮೂಲಿ ಚೆಕಪ್‌ನಲ್ಲೂ ಕಡಿಮೆನೇ ಇತ್ತು. ನಮ್ ಕಡೆ ಪ್ಲೇಟ್‌ಲೆಟ್ ಕಡಿಮೆ ಅಂದ್ರೆ ಡೆಂಗ್ಯೂನೋ ಮಂಗನ ಕಾಯಿಲೆನೋ ಅಂತಷ್ಟೇ ಹೆದರೋದು, ಜ್ವರ ಇಳಿದ್ಮೇಲೆ ಆ ಕಾಗದವನ್ನ ಯಾರೂ ತಿರುಗಿ ನೋಡಲ್ಲ. ಡಾಕ್ಟ್ರು ವಯಸ್ಸು, ಆವತ್ತಿನ ಎಸ್‌ಜಿಒಟಿ, ಎಸ್‌ಜಿಪಿಟಿ (ಇವೆರಡು ಲಿವರ್‌ದೇ ರಕ್ತ ಪರೀಕ್ಷೆ), ಪ್ಲೇಟ್‌ಲೆಟ್ ಈ ನಾಲ್ಕನ್ನೇ ಹಾಕಿ ಮೊಬೈಲಲ್ಲಿ ಒಂದು ಲೆಕ್ಕ ಮಾಡಿದ್ರು, ಫಿಬ್-4 ಅಂತ ಅದ್ರ ಹೆಸರು, ಆಗ್ಲೇ ಲಿವರ್ ಗಟ್ಟಿ ಆಗಿತ್ತು ಅನ್ನೋ ಸೂಚನೆ ಅದ್ರಲ್ಲೇ ಇತ್ತು. ಲಿವರ್ ಗಟ್ಟಿಯಾದಾಗ ರಕ್ತ ಸರಾಗವಾಗಿ ಹರಿಯಲ್ಲ, ಹಿಂದಕ್ಕೆ ಒತ್ತಡ ಬಿದ್ದು ಗುಲ್ಮ (ಸ್ಪ್ಲೀನ್) ದೊಡ್ಡದಾಗುತ್ತೆ, ಅದು ಪ್ಲೇಟ್‌ಲೆಟ್ಟನ್ನ ಹಿಡಿದಿಟ್ಕೊಳ್ಳುತ್ತೆ. ಎಸ್‌ಜಿಪಿಟಿ ನಾರ್ಮಲ್ ಇದ್ರೂ ಸಿರೋಸಿಸ್, ಅಂದ್ರೆ ಲಿವರ್ ಹೀಗೆ ಗಟ್ಟಿಯಾಗಿ ಹೋಗಿರೋದು, ಇರ್ಬೋದು, ಅದಕ್ಕೇ ಎಷ್ಟೋ ಜನ ನನ್ ಲಿವರ್ ಟೆಸ್ಟ್ ನಾರ್ಮಲ್ ಅಂತ ನೆಮ್ಮದಿಯಾಗಿ ಇರ್ತಾರೆ.

ಹೇಗಾಯ್ತು ಅಂದ್ರೆ ಶುಗರ್ ಮತ್ತೆ ಹೊಟ್ಟೆ ಬೊಜ್ಜಿಂದ ಫ್ಯಾಟಿ ಲಿವರ್, ಅದು ವರ್ಷಗಟ್ಟಲೆ ಸದ್ದಿಲ್ದೆ ಸಿರೋಸಿಸ್ ಆಗಿದೆ, ಅದ್ರ ಮೇಲೆ ಪುಡಿಯಿಂದ ಪೆಟ್ಟು ಬಿದ್ದಿರೋ ಸಾಧ್ಯತೆ ಜಾಸ್ತಿ. ಪುಡಿನೇ ಕಾರಣ ಅಂತ ಡಾಕ್ಟ್ರು ಖಡಾಖಂಡಿತ ಹೇಳ್ಲಿಲ್ಲ, ಬೇರೆಲ್ಲಾ ಕಾರಣ ಅಲ್ಲ ಅಂತ ಗೊತ್ತಾಗಿದೆ, ಪುಡಿ ಬಿಟ್ಮೇಲೆ ಕಾಮಾಲೆ ಇಳಿದ್ರೆ ಅದೇ ಅಂತ ತಿಳ್ಕೋಬೇಕು ಅಂದ್ರು. ಇಂಗ್ಲಿಷ್ ಔಷಧಿ ಏನ್ ಕಡಿಮೆ ಇಲ್ಲ ಅಂತ ಅವ್ರೇ ಹೇಳಿದ್ರು, ಟಿಬಿ ಮಾತ್ರೆಗಳಿಂದ ಲಿವರ್ ಕೆಡೋದು ನಮ್ಮ ದೇಶದಲ್ಲಿ ತುಂಬಾ ಇದೆ, ಪ್ಯಾರಸಿಟಮಾಲ್ ಮಿತಿ ಮೀರಿ ತಗೊಂಡ್ರೆ ಚೆನ್ನಾಗಿರೋ ಲಿವರೂ ಒಂದ್ ವಾರದೊಳಗೆ ಕೈ ಕೊಡುತ್ತೆ. ಕೋವಿಡ್ ಟೈಮಲ್ಲಿ ಎಲ್ಲಾ ಮನೇಲೂ ಅಮೃತಬಳ್ಳಿ ಕಷಾಯ ಕುಡೀತಿದ್ರಲ್ಲ, 2021ರಲ್ಲಿ ಮುಂಬೈ ಡಾಕ್ಟ್ರುಗಳು ಅದ್ರಿಂದ ಲಿವರ್‌ಗೆ ತೊಂದರೆ ಆದ ಕೇಸುಗಳನ್ನ ಬರೆದಿದ್ರು, ಆಯುಷ್ ಇಲಾಖೆಯವ್ರು ಅದನ್ನ ಒಪ್ಪಲಿಲ್ಲ, ಚರ್ಚೆ ಆಯ್ತು. ಏನೇ ಇರ್ಲಿ, ಲಿವರ್ ಕೆಟ್ಟಿರೋರು ಡಾಕ್ಟ್ರಿಗೆ ಹೇಳ್ದೆ ಏನೂ ಕುಡೀಬಾರ್ದು ಅನ್ನೋದ್ರಲ್ಲಿ ಜಗಳ ಇಲ್ಲ.

ಮಾವ ಅಷ್ಟು ಹೊತ್ತೂ ಸುಮ್ನಿದ್ದವ್ರು ನೆಲನೆಲ್ಲಿ ಒಳ್ಳೇದಲ್ವಾ ಡಾಕ್ಟ್ರೇ ಅಂತ ಕೇಳಿದ್ರು. ಆ ಪ್ರಶ್ನೆಗೆ ಸಿಕ್ಕ ಉತ್ತರ ನನಗೆ ಬಹಳ ಹಿಡಿಸ್ತು. ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬ್ಲೂಂಬರ್ಗ್ ಅವ್ರೇ ನೆಲನೆಲ್ಲಿಯನ್ನ ಗಂಭೀರವಾಗಿ ತಗೊಂಡಿದ್ರಂತೆ, ಮದ್ರಾಸಿನ ವಿಜ್ಞಾನಿಗಳ ಜೊತೆ ಸೇರಿ 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಳ್ಳೇ ಫಲಿತಾಂಶ ಪ್ರಕಟ ಮಾಡಿದ್ರು, ಜಗತ್ತೇ ತಿರುಗಿ ನೋಡ್ತು, ಆದ್ರೆ ಆಮೇಲೆ ಬೇರೆ ಕಡೆ ಅದೇ ಪರೀಕ್ಷೆ ಮಾಡಿದಾಗ ಆ ಫಲಿತಾಂಶ ಸಿಗ್ಲಿಲ್ಲ. ನಿಮ್ಮ ಅಜ್ಜಿ ಹೇಳಿದ್ದನ್ನ ದೊಡ್ಡ ವಿಜ್ಞಾನಿಗಳೂ ಪರೀಕ್ಷೆ ಮಾಡಿ ನೋಡಿದಾರೆ, ಸದ್ಯಕ್ಕೆ ಅದನ್ನ ನಂಬಿ ಕೂರೋ ಹಾಗಿಲ್ಲ ಅಂತ ಡಾಕ್ಟ್ರು ಹೇಳಿದ್ದಕ್ಕೆ ಮಾವ ತಲೆ ಆಡಿಸಿದ್ರು. ಇದೇ ಮಾತನ್ನ ಮೂಢನಂಬಿಕೆ ಅಂತ ಬೈದು ಹೇಳಿದ್ರೆ ಅವ್ರು ಎರಡನೇ ಸಲ ಆ ಕ್ಲಿನಿಕ್ ಮೆಟ್ಟಿಲು ಹತ್ತುತಿರ್ಲಿಲ್ಲ.

ಅಡ್ಮಿಟ್ ಮಾಡ್ಕೊಂಡ್ರು. ವಾರ್ಡ್ ವಿಷಯಕ್ಕೆ ಬರೋಣ, ಇಲ್ಲಿಂದ ಬೇಜಾರು ಶುರು. ಅಡ್ಮಿಷನ್ ಫಾರ್ಮ್ ತುಂಬೋರು ಎಲ್ಲರ ಎದುರಿಗೆ ದೊಡ್ಡ ದನಿಯಲ್ಲಿ ಎಷ್ಟು ವರ್ಷದಿಂದ ಕುಡೀತಾರೆ ಅಂದ್ರು. ಕುಡೀತಾರಾ ಅಂತಲ್ಲ, ಎಷ್ಟು ವರ್ಷದಿಂದ. ಅತ್ತೆ ಅಲ್ಲೇ ಕಣ್ಣೀರು ಹಾಕಿದ್ರು. ಇನ್ಶೂರೆನ್ಸ್ ಡೆಸ್ಕಲ್ಲೂ ಅದೇ ಕಥೆ, ಕುಡಿತದಿಂದ ಬಂದಿದ್ದಲ್ಲ ಅಂತ ಡಾಕ್ಟ್ರ ಲೆಟರ್ ಬೇಕೇ ಬೇಕು ಅಂತ ಕ್ಯಾಶ್‌ಲೆಸ್ಸನ್ನ ನಿಲ್ಲಿಸಿಟ್ರು, ಡಾಕ್ಟ್ರು ಓಟಿ ಮುಗಿಸಿ ಬಂದು ಬರೆದುಕೊಡೋ ತನಕ ನಾವು ಕೌಂಟರ್ ಮುಂದೆ ನಿಂತಿದ್ವಿ. ಕುಡಿತದಿಂದ ಲಿವರ್ ಹೋಗೋದು ನಿಜ, ಪಕ್ಕದ ಬೆಡ್‌ನಲ್ಲೇ ಮೂವತ್ತೈದೂ ದಾಟದ ಹುಡುಗ ಹಾಗೇ ಬಂದು ಮಲಗಿದ್ದ, ಅವನನ್ನೂ ಯಾರೂ ಹಾಗೆ ಮಾತಾಡಿಸ್ಬಾರ್ದು, ಅವನೂ ರೋಗಿನೇ. ಆದ್ರೆ ಶುಗರ್ ಇರೋ ಲಕ್ಷಾಂತರ ಜನ ಮದ್ಯ ಮುಟ್ಟದೇನೇ ಸಿರೋಸಿಸ್‌ಗೆ ಹೋಗ್ತಿರೋವಾಗ ಲಿವರ್ ವಾರ್ಡಿನ ಸಿಬ್ಬಂದಿಗೇ ಇದು ಗೊತ್ತಿಲ್ಲ ಅಂದ್ರೆ ಹೇಗೆ? ಈ ಅವಮಾನಕ್ಕೆ ಹೆದರಿ ಎಷ್ಟು ಜನ ತೋರಿಸ್ಕೊಳ್ದೆ ಮನೇಲೇ ಉಳಿದಿರ್ಬೋದು.

ನರ್ಸುಗಳು ಮಾತ್ರ ಚಿನ್ನದಂಥವ್ರು. ಮಾವಂಗೆ ರಾತ್ರಿ ನಿದ್ದೆ ಇಲ್ಲ, ಹಗಲೆಲ್ಲಾ ತೂಕಡಿಕೆ, ಅದನ್ನ ನಾವು ಸುಸ್ತು ಅಂದ್ಕೊಂಡಿದ್ವಿ. ಒಬ್ರು ನರ್ಸ್ ಬಂದು ಎರಡೂ ಕೈ ಮುಂದಕ್ಕೆ ಚಾಚಿ ಅಂಗೈ ಮೇಲಕ್ಕೆತ್ತಿ ಹಿಡೀರಿ ಅಂದ್ರು, ಬಸ್ ನಿಲ್ಲಿಸೋ ಪೊಲೀಸ್ ಥರ, ಕೈ ಹಿಡಿದಂಗೇ ಇರ್ದೆ ಮಣಿಕಟ್ಟಿನ ಹತ್ರ ತಟ್ ತಟ್ ಅಂತ ಬೀಳ್ತಿತ್ತು. ಆಮೇಲೆ ಒಂದು ಕಾಗದ ಕೊಟ್ರು, ಅದ್ರಲ್ಲಿ 1ರಿಂದ 25ರ ತನಕ ಅಂಕಿ ಚೆಲ್ಲಾಪಿಲ್ಲಿಯಾಗಿ ಬರೆದಿತ್ತು, ಕ್ರಮವಾಗಿ ಗೆರೆ ಎಳೆದು ಸೇರಿಸಿ ಅಂತ. ಅಡಿಕೆ ಮಂಡಿಯಲ್ಲಿ ಬಾಯಲ್ಲೇ ಲೆಕ್ಕ ಹಾಕೋ ಮನುಷ್ಯ 9 ಆದ್ಮೇಲೆ 10 ಎಲ್ಲಿದೆ ಅಂತ ಹುಡುಕ್ತಾ ಪೆನ್ನು ಹಿಡ್ಕೊಂಡು ಕೂತುಬಿಟ್ರು. ಲಿವರ್ ಅಮೋನಿಯಾ ಥರದ ವಿಷವನ್ನ ತೆಗೆದುಹಾಕಕ್ಕಾಗ್ದೆ ಅದು ಮಿದುಳಿಗೆ ಹೋಗ್ತಿದೆ ಅನ್ನೋದಕ್ಕೆ ಅದು ಗುರುತು. ಅದಕ್ಕೆ ಲ್ಯಾಕ್ಟುಲೋಸ್ ಸಿರಪ್, ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಭೇದಿ ಆಗೋ ಲೆಕ್ಕದಲ್ಲಿ ಡೋಸ್ ಹೊಂದಿಸ್ಕೋಬೇಕು, ಮಲಬದ್ಧತೆ ಆಗ್ಲೇಬಾರ್ದು. ಮನೇಲಿ ದಿನಾ ಬೆಳಿಗ್ಗೆ ಒಂದು ನೋಟ್‌ಬುಕ್ಕಲ್ಲಿ ಸಹಿ ಹಾಕಿಸಿ, ಸಹಿ ಕೆಡ್ತಾ ಬಂದ್ರೆ ಫೋನ್ ಮಾಡಿ ಅಂತ ಹೇಳಿಕೊಟ್ಟಿದ್ದೂ ಅದೇ ನರ್ಸ್. ಈಗ್ಲೂ ನಮ್ಮನೇಲಿ ಆ ನೋಟ್‌ಬುಕ್ ನಡೀತಿದೆ.

ಹೊಟ್ಟೇಲಿ ನೀರು ತುಂಬಿದ್ದನ್ನ ಸೂಜಿ ಹಾಕಿ ತೆಗೆದ್ರು. ಮಾವ ಹೆದರಿದಷ್ಟು ನೋವಾಗ್ಲಿಲ್ಲವಂತೆ, ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟು ಹಾಕ್ತಾರೆ. ತೆಗೆದ ನೀರಲ್ಲಿ ಸ್ವಲ್ಪ ಲ್ಯಾಬ್‌ಗೆ ಕಳಿಸ್ತಾರೆ, ಅದ್ರಲ್ಲಿ ನ್ಯೂಟ್ರೋಫಿಲ್ ಅನ್ನೋ ಬಿಳಿ ಕಣ 250ಕ್ಕಿಂತ ಜಾಸ್ತಿ ಬಂದ್ರೆ ಆ ನೀರಿಗೇ ಸೋಂಕಾಗಿದೆ ಅಂತ ಅರ್ಥ, ಜ್ವರ ಹೊಟ್ಟೆನೋವು ಇಲ್ದೇನೂ ಇದು ಬರ್ಬೋದು, ಗುರುತಿಸದೇ ಬಿಟ್ರೆ ಕಿಡ್ನಿ ನಿಂತು ಹೋಗುತ್ತೆ. ಮಾವಂಗೆ ಸೋಂಕಿರ್ಲಿಲ್ಲ. 5 ಲೀಟರ್‌ಗಿಂತ ಜಾಸ್ತಿ ತೆಗೆದ್ರೆ ಆಲ್ಬುಮಿನ್ ಅನ್ನೋ ರಕ್ತದ ಪ್ರೋಟೀನಿನ ಬಾಟ್ಲಿ ಹಾಕ್ಬೇಕು, ಅದು ದುಬಾರಿ, ಒಂದೊಂದಕ್ಕೂ ಸಾವಿರಾರು ರೂಪಾಯಿ, ಬಿಲ್ ನೋಡಿ ಎದೆ ಧಸಕ್ ಅಂತು. ಆದ್ರೆ ಯಾಕೆ ಎಷ್ಟು ಬಾಟ್ಲಿ ಅಂತ ಮೊದ್ಲೇ ಕೂರಿಸಿ ಹೇಳಿದ್ರು, ಅದು ನ್ಯಾಯ.

ಎಂಡೋಸ್ಕೋಪಿ ಮಾಡಿದ್ದು ಅನ್ನನಾಳದಲ್ಲಿ ರಕ್ತನಾಳ ಊದಿದ್ಯಾ ನೋಡಕ್ಕೆ. ಊದಿತ್ತು. ಅದು ಒಡೆದ್ರೆ ರಕ್ತ ವಾಂತಿ, ಸಿರೋಸಿಸ್ ಇರೋರ ಪ್ರಾಣ ಹೋಗೋ ದೊಡ್ಡ ಕಾರಣಗಳಲ್ಲಿ ಇದೂ ಒಂದು. ಒಡೆಯೋಕೆ ಮುಂಚೆನೇ ಅಲ್ಲೇ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ರು, ಒತ್ತಡ ಕಡಿಮೆ ಮಾಡೋ ಮಾತ್ರೆನೂ ಶುರು ಮಾಡಿದ್ರು. ಮೊದಲ ಸಲ ರಕ್ತ ಕಾರಿದ್ಮೇಲೆ ಓಡಿ ಬರೋ ಬದ್ಲು ಮುಂಚೆನೇ ಕಟ್ಟಿಸ್ಕೊಂಡಿದ್ದು ನಮ್ಮ ಪುಣ್ಯ, ಯಾಕಂದ್ರೆ ಮಳೆಗಾಲದ ರಾತ್ರಿ ಆಗುಂಬೆ ಘಾಟಿ ಇಳಿಯೋದು ಅಂದ್ರೆ ಏನು ಅಂತ ಆ ದಾರೀಲಿ ಹೋದವ್ರಿಗೇ ಗೊತ್ತು.

ಡಯಟೀಷಿಯನ್ ಮೇಡಂಗೆ ಐದಕ್ಕೆ ಐದು. ಊರಿನ ಪಥ್ಯವನ್ನ ಪೂರ್ತಿ ತಲೆಕೆಳಗೆ ಮಾಡಿದ್ರು. ಲಿವರ್ ಕೆಟ್ಟಾಗ ಸ್ನಾಯು ಕರಗುತ್ತೆ, ಅದಕ್ಕೆ ಪ್ರೋಟೀನ್ ಜಾಸ್ತಿ ಬೇಕು, ಮೈತೂಕದ ಪ್ರತಿ ಕೆಜಿಗೆ ದಿನಕ್ಕೆ 1.2ರಿಂದ 1.5 ಗ್ರಾಂ. ಮೊಸರು, ಹೆಸರುಕಾಳು, ಬೇಳೆ, ತಿನ್ನೋರಿಗೆ ಮೊಟ್ಟೆ. ಎಣ್ಣೆ ಪೂರ್ತಿ ಬಿಡ್ಬೇಕಾಗಿಲ್ಲ. ರಾತ್ರಿ ಮಲಗೋ ಮುಂಚೆ ಏನಾದ್ರೂ ತಿನ್ನಲೇಬೇಕು, ರಾತ್ರಿಯೆಲ್ಲಾ ಖಾಲಿ ಹೊಟ್ಟೇಲಿದ್ರೆ ದೇಹ ತನ್ನ ಸ್ನಾಯುವನ್ನೇ ಸುಟ್ಕೊಳ್ಳುತ್ತೆ. ಹೊಟ್ಟೇಲಿ ನೀರಿರೋದ್ರಿಂದ ಉಪ್ಪು ಮಾತ್ರ ದಿನಕ್ಕೆ ಒಟ್ಟು 5 ಗ್ರಾಂ ಒಳಗೆ, ಒಂದ್ ಚಿಕ್ಕ ಚಮಚ. ನಮ್ಮನೇಲಿ ಅಪ್ಪೆಮಿಡಿ ಉಪ್ಪಿನಕಾಯಿ ಇಲ್ದೆ ಊಟ ಇಲ್ಲ, ಹಪ್ಪಳ ಸಂಡಿಗೆ ಬೇರೆ, ಅದೆಲ್ಲಾ ಬಿಡ್ಬೇಕು ಅಂದಾಗ ಮಾವನ ಮುಖ ಸಣ್ಣದಾಯ್ತು. ಮೇಡಂ ಅದನ್ನ ನೋಡಿ ನಿಂಬೆಹಣ್ಣು, ಕೊತ್ತಂಬರಿ, ಶುಂಠಿ, ಕಾಳುಮೆಣಸಲ್ಲಿ ರುಚಿ ಬರಿಸೋದು ಹೇಗೆ ಅಂತ ಅತ್ತೆ ಹತ್ರ ಕೂತು ನಮ್ ತಂಬುಳಿಗಳನ್ನೇ ಒಂದೊಂದಾಗಿ ಮಾತಾಡಿ ಪಟ್ಟಿ ಮಾಡಿಕೊಟ್ರು. ಆದ್ರೆ ಅದೇ ಆಸ್ಪತ್ರೆ ಕ್ಯಾಂಟೀನ್‌ನಿಂದ ವಾರ್ಡಿಗೆ ಬಂದ ತಟ್ಟೆಯಲ್ಲಿ ಉಪ್ಪಿನಕಾಯಿ ಮತ್ತೆ ಉಪ್ಪು ಜಾಸ್ತಿ ಇರೋ ಸಾಂಬಾರ್! ಹೇಳಿದ್ರೆ ಎಲ್ರಿಗೂ ಒಂದೇ ಅಂದ್ರು. ಲಿವರ್ ಪೇಷೆಂಟ್‌ಗೆ ಬೇರೆ ಅಡುಗೆ ಮಾಡಕ್ಕಾಗ್ದೆ ಇದ್ರೆ ಡಯಟೀಷಿಯನ್ ಪಾಪ ಬರೆದುಕೊಟ್ಟು ಏನ್ ಪ್ರಯೋಜನ.

ಇನ್ನು ಕಾಯೋದು. ಬೆಳಿಗ್ಗೆ ಟೋಕನ್ ತಗೊಂಡ್ರೆ ಮಧ್ಯಾಹ್ನ ಊಟದ ಹೊತ್ತಿಗೂ ಸರದಿ ಬರ್ದೆ ಇರ್ಬೋದು, ಹೊಟ್ಟೆ ಊದಿರೋರು ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಷ್ಟು ಹೊತ್ತು ಕೂರಕ್ಕಾಗಲ್ಲ, ಮಲಗಕ್ಕೆ ಒಂದೆರಡು ಬೆಡ್ ಹಾಕ್ಬೋದಿತ್ತು. ಡಿಸ್ಚಾರ್ಜ್ ಕಾಗದ ಪೂರ್ತಿ ಇಂಗ್ಲಿಷಲ್ಲಿ, ಅದೂ ಮೊಟಕು ಅಕ್ಷರಗಳಲ್ಲಿ, ಮನೇಲಿ ಔಷಧಿ ಕೊಡೋ ಅತ್ತೆಗೆ ಓದಕ್ಕಾಗಲ್ಲ, ನಾನು ಕೂತು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದೀನಿ. ಏನಾದ್ರೂ ಆದ್ರೆ ಫೋನ್ ಮಾಡಿ ಅಂತ ಕೊಟ್ಟ ನಂಬರನ್ನ ಸಂಜೆ ಮೇಲೆ ಯಾರೂ ಎತ್ತಲ್ಲ. ಇದು ಸಣ್ಣ ತಪ್ಪಲ್ಲ, ಮಂಪರು, ರಕ್ತ ವಾಂತಿ ಇವೆಲ್ಲಾ ಓಪಿಡಿ ಟೈಮ್ ನೋಡ್ಕೊಂಡು ಬರಲ್ಲ.

ಲಿವರ್ ಎಷ್ಟು ಗಟ್ಟಿ ಆಗಿದೆ ಅಂತ ಅಳೆಯೋ ಫೈಬ್ರೋಸ್ಕ್ಯಾನ್ ಬಗ್ಗೆನೂ ಹೇಳ್ಬೇಕು. ಮಾವಂಗೆ ಅದು ಮಾಡ್ಲಿಲ್ಲ, ಹೊಟ್ಟೇಲಿ ನೀರಿದ್ರೆ ಅಳತೆ ಸರಿಯಾಗ್ ಬರಲ್ಲ, ಸುಮ್ನೆ ದುಡ್ಡು ದಂಡ ಅಂತ ಅವ್ರೇ ಬೇಡ ಅಂದ್ರು. ಆದ್ರೆ ನಮ್ ಯಜಮಾನ್ರಿಗೆ ಶುಗರ್ ಶುರುವಾಗಿದೆ, ಸೊಂಟ ಸುತ್ತಳತೆನೂ ಜಾಸ್ತಿ ಅಂತ ನೋಡಿ ನೀವ್ ಮಾಡಿಸ್ಕೊಳ್ಳಿ ಅಂದ್ರು. ಮೂರ್ ಗಂಟೆ ಏನೂ ತಿನ್ನದೇ ಹೋಗ್ಬೇಕು, ಬಲಗಡೆ ಪಕ್ಕೆಲುಬು ಮಧ್ಯೆ ಪೆನ್ನಿನಂಥದ್ದನ್ನ ಒತ್ತಿ ಟಕ್ ಟಕ್ ಅಂತ ಮೆತ್ತಗೆ ತಟ್ಟುತ್ತೆ, ಹತ್ತು ನಿಮಿಷದ ಕೆಲಸ, ನೋವಿಲ್ಲ. ಎಷ್ಟು ಗಟ್ಟಿ ಇದೆ, ಎಷ್ಟು ಕೊಬ್ಬಿದೆ ಎರಡೂ ನಂಬರಲ್ಲಿ ಬರುತ್ತೆ. ಅವ್ರದ್ದು ಕೊಬ್ಬಿದೆ, ಗಟ್ಟಿ ಆಗಿಲ್ಲ. ಮೈತೂಕದಲ್ಲಿ ನೂರಕ್ಕೆ 7ರಿಂದ 10 ಭಾಗ ಇಳಿಸಿದ್ರೆ ಈ ಹಂತದಲ್ಲಿ ಲಿವರ್ ಸುಧಾರಿಸುತ್ತೆ ಅಂತ ಹೇಳಿ ಮಾತ್ರೆ ಟಾನಿಕ್ ಏನೂ ಬರೀದೇ ಕಳಿಸಿದ್ರು. ಲಿವರ್ ಟಾನಿಕ್ ಬರೀದಿರೋ ಡಾಕ್ಟ್ರನ್ನ ನಾನು ನೋಡಿದ್ದು ಇದೇ ಮೊದ್ಲು, ಗೌರವ ಜಾಸ್ತಿ ಆಯ್ತು.

ಈಗ ಮಾವನ ಬಿಲಿರುಬಿನ್ 2ರ ಹತ್ರ ಬಂದಿದೆ, ಹೊಟ್ಟೆ ನೀರು ಮಾತ್ರೆಯಲ್ಲೇ ಹಿಡಿತದಲ್ಲಿದೆ, ಮಂಡಿ ಲೆಕ್ಕ ಮತ್ತೆ ಬಾಯಲ್ಲೇ ಬರ್ತಿದೆ. ಸಿರೋಸಿಸ್ ಹೋಗಿಲ್ಲ, ಹೋಗಲ್ಲ ಅಂತ ಅವ್ರಿಗೂ ಗೊತ್ತು ನಮಗೂ ಗೊತ್ತು. ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡು ಮತ್ತೆ ಎಎಫ್‌ಪಿ ರಕ್ತ ಪರೀಕ್ಷೆ, ಯಾಕಂದ್ರೆ ಸಿರೋಸಿಸ್ ಲಿವರಲ್ಲಿ ಕ್ಯಾನ್ಸರ್ ಬರ್ಬೋದು, ಚಿಕ್ಕದಿದ್ದಾಗ ಸಿಕ್ರೆ ಏನಾದ್ರೂ ಮಾಡ್ಬೋದು. ಹೆಪಟೈಟಿಸ್ ಎ, ಬಿ ಲಸಿಕೆ ಹಾಕಿಸಿದೀವಿ, ಮೊದಲೇ ಸೊರಗಿದ ಲಿವರ್ ಇನ್ನೊಂದು ವೈರಸ್ ತಡೆಯಲ್ಲ. ಮುಂದೆ ಬೇಕಾದ್ರೆ ಲಿವರ್ ಕಸಿ ಬಗ್ಗೆನೂ ಡಾಕ್ಟ್ರು ಮುಚ್ಚುಮರೆ ಇಲ್ದೆ ಮಾತಾಡಿದ್ರು, ಬಿಲಿರುಬಿನ್, ಐಎನ್‌ಆರ್ (ರಕ್ತ ಹೆಪ್ಪುಗಟ್ಟೋದರ ಅಳತೆ), ಕ್ರಿಯಾಟಿನಿನ್ (ಕಿಡ್ನಿದು), ಸೋಡಿಯಂ ಹಾಕಿ ಲಿವರ್ ಎಷ್ಟು ಕೆಟ್ಟಿದೆ ಅಂತ ತೋರಿಸೋ ಮೆಲ್ಡ್ ಅನ್ನೋ ಸ್ಕೋರ್ ಲೆಕ್ಕ ಮಾಡ್ತಾರೆ. ನಮ್ಮ ರಾಜ್ಯದಲ್ಲಿ ಮಿದುಳು ನಿಷ್ಕ್ರಿಯ ಆದವ್ರಿಂದ ಬರೋ ಅಂಗಕ್ಕೆ ಜೀವಸಾರ್ಥಕತೆ ಸಂಸ್ಥೆಯ ಮೂಲಕ ಕಾಯೋ ಪಟ್ಟಿ ಇರುತ್ತೆ, ಇಲ್ಲಾಂದ್ರೆ ಮನೆಯವ್ರೇ ಲಿವರಿನ ಒಂದು ಭಾಗ ಕೊಡ್ಬೋದು, ಕೊಟ್ಟೋರ ಲಿವರ್ ಮತ್ತೆ ಬೆಳೆಯುತ್ತೆ.

ಒಟ್ಟು ನನ್ನ ಲೆಕ್ಕ: ಡಾಕ್ಟ್ರು, ನರ್ಸು, ಡಯಟೀಷಿಯನ್‌ಗೆ 5ಕ್ಕೆ 5, ಅಡ್ಮಿಷನ್ ಮತ್ತೆ ಇನ್ಶೂರೆನ್ಸ್ ಡೆಸ್ಕ್‌ಗೆ 1, ಕ್ಯಾಂಟೀನ್‌ಗೆ 1, ರಾತ್ರಿ ಫೋನ್‌ಗೆ ಸೊನ್ನೆ. ನೀವು ಇಂಥ ಯಾವ ಕ್ಲಿನಿಕ್‌ಗೆ ಹೋದ್ರೂ ಔಷಧಿ ಚೀಲ, ಹಳೇ ರಿಪೋರ್ಟ್ ಕಂತೆ ಎರಡನ್ನೂ ಮರೀದೇ ಒಯ್ಯಿರಿ, ಸೋಮವಾರ ರಶ್ ಜಾಸ್ತಿ ಇರುತ್ತೆ, ಆಗೋದಾದ್ರೆ ಬೇರೆ ದಿನ ಹಾಕಿಸ್ಕೊಳ್ಳಿ. ರಕ್ತ ವಾಂತಿ, ಡಾಂಬರಿನಂಥ ಕಪ್ಪು ಮಲ, ಮಾತು ತೊದಲೋದು, ಮಂಪರು, ಕಾಮಾಲೆ ಜೊತೆ ಚಳಿ ಜ್ವರ, ಇಷ್ಟ್ರಲ್ಲಿ ಯಾವ್ದಾದ್ರೂ ಒಂದಿದ್ರೂ ಟೋಕನ್ ಕ್ಯೂನಲ್ಲಿ ನಿಲ್ಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ, ಅಷ್ಟು ದೂರ ಹೋಗಕ್ಕೆ ಟೈಮಿಲ್ಲಾಂದ್ರೆ 108ಕ್ಕೆ ಫೋನ್ ಮಾಡಿ ಹತ್ರದ ಸರ್ಕಾರಿ ಆಸ್ಪತ್ರೆಗೆ ಸೇರಿಸಿ, ಡ್ರಿಪ್ ಹಾಕಿಸ್ಕೊಂಡು ಅಲ್ಲಿಂದ ಮುಂದೆ ಹೋಗ್ಬೋದು.